ಮಳೆಗಾಲ ತಾಳುವ ಮಡಚುಕತ್ತಿಗೆ ಯಾವ ಹಿಡಿ? ಮರ, ಕೊಂಬು, ಹೈಲಂ ಹಾಳೆ

ನೀರ್ಚಾಲು ತೋಟ:
ಆಚಾರಿಯವರ ಹತ್ರ ಕಿಸೆಯಲ್ಲಿಡುವ ಒಂದು ಮಡಚುಕತ್ತಿ ಮಾಡಿಸುವುದುಂಟು. ಅಲಗು 75 ಮಿ.ಮೀ. ಉದ್ದ, 2.5 ಮಿ.ಮೀ. ದಪ್ಪ, ಕಾರ್ಬನ್ ಉಕ್ಕು. ಲಾಕ್ ಇಲ್ಲ, ಬೆನ್ನಿಗೆ ಸ್ಪ್ರಿಂಗ್ ಇರುವ ಹಳೇ ಕ್ರಮ. ಹಿಡಿ 95 ಮಿ.ಮೀ. ಉದ್ದ, ಅಗಲ ಹೆಚ್ಚೆಂದರೆ 25. ಪೂರಾ ತೋಟದ ಕೆಲಸಕ್ಕೆ: ಒಳ್ಳೆಮೆಣಸಿನ ಬಳ್ಳಿ ಕಟ್ಟುವ ಹಗ್ಗ, ಪೈಪಿನ ಬಾಯಿ ಸವರುವುದು, ಗೊಬ್ಬರದ ಚೀಲ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ, ಕಿಸೆ ಎರಡೂ ಒದ್ದೆ. ಹಿಡಿಗೆ ಬೀಟೆ, ಕೋಣದ ಕೊಂಬು, ಅಥವಾ ಈಗ ಎಲ್ಲರೂ ಹೇಳುವ ಮೈಕಾರ್ಟಾ, ಜಿ10 ಎಂಬ ರೆಸಿನ್ ಹಾಳೆ, ಇದರಲ್ಲಿ ಯಾವುದು ಸಮ? ಒಳಗೆ ಹಿತ್ತಾಳೆ ತಗಡು ಹಾಕಿಸಬೇಕಾ, ಬರೀ ಮರ ಸಾಕಾ?

ಹೊಸಂಗಡಿ ಲೇತ್:
ಕೊನೆಗೆ ಕೇಳಿದ ಪ್ರಶ್ನೆಯನ್ನು ಮೊದಲು ತೀರ್ಮಾನ ಮಾಡಿ. ತಗಡು ಇದ್ದರೆ ಅಲಗು ತಿರುಗುವುದು ಹಿತ್ತಾಳೆಯ ನಡುವೆ. ಹಿಡಿ ಮೇಲಿನ ಹೊದಿಕೆ ಮಾತ್ರ, ಅದು ಸ್ವಲ್ಪ ಉಬ್ಬಿದರೂ ಕುಗ್ಗಿದರೂ ಅಲಗಿಗೆ ಗೊತ್ತಾಗುವುದಿಲ್ಲ. ತಗಡು ಇಲ್ಲದಿದ್ದರೆ ಮರವೇ ಅಲಗನ್ನು ಎರಡು ಕಡೆಯಿಂದ ಒತ್ತುವುದು. 1890ರಿಂದ ಬರುವ ಫ್ರಾನ್ಸಿನ ಓಪಿನೆಲ್ ಕತ್ತಿಯ ಹಿಡಿ ಒಂದೇ ತುಂಡು ಬೀಚ್ ಮರದ್ದು, ಒಳಗೆ ತಗಡಿಲ್ಲ. ನೀರು ತಾಗಿ ಮರ ಉಬ್ಬಿದರೆ ಅಲಗು ಬಿಗಿಯಾಗಿ ತೆರೆಯಲು ಕಷ್ಟ ಆಗ್ತದೆ. ಅದು ನಮ್ಮಷ್ಟು ಮಳೆ ಇಲ್ಲದ ಸೀಮೆಯಲ್ಲಿ ಹುಟ್ಟಿದ ಕತ್ತಿ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುವ ನಮ್ಮ ಕಾಸರಗೋಡಿನ ಕಡೆಗೆ ತಗಡು ಇಲ್ಲದ ಮರದ ಹಿಡಿ ಬೇಡ.

ತಗಡು 1 ಮಿ.ಮೀ. ಹಿತ್ತಾಳೆ ಇರಲಿ. ಪೇಟೆಯಲ್ಲಿ ಸಿಗುವ ಕತ್ತಿಗಳಲ್ಲಿ ಇನ್ನೂ ತೆಳ್ಳಗೆ ಇರುವುದುಂಟು, ಆದರೆ ಮೇಲಿನ ಮರ ಬಾಗಿದರೆ ತೆಳು ತಗಡನ್ನೂ ತನ್ನ ಜೊತೆ ಎಳೆದುಕೊಂಡು ಹೋಗ್ತದೆ. ಆಗ ಅಲಗು ಒಂದು ಬದಿಗೆ ಉಜ್ಜುವುದು ಶುರು. ಇನ್ನೊಂದು ಸಂಗತಿ: ಬೆನ್ನಿನ ಸ್ಪ್ರಿಂಗ್ ಅಲಗಿನ ಬುಡಕ್ಕಿಂತ 0.05 ಮಿ.ಮೀ. ದಪ್ಪ ಇರಬೇಕು. ಎರಡೂ ಸರೀ 2.5 ಇದ್ದರೆ ಪಿನ್ನಿನ ತಲೆ ಬಡಿಯುವಾಗ ಅಲಗು ಕಚ್ಚಿ ನಿಲ್ತದೆ, ಆಮೇಲೆ ಎಲ್ಲರೂ ಹಿಡಿಯನ್ನು ದೂರುವುದು.

ಮುಳ್ಳೇರಿಯ ಮರ:
ತಗಡಿನ ಮಾತು ಸರಿ. ಅದರ ಮೇಲೆ ಮರ ಹಾಕುವುದಾದರೆ ಯಾವ ಜಾತಿ ಎಂಬುದಕ್ಕಿಂತ ಹೇಗೆ ಸೀಳಿದ್ದು ಎಂಬುದು ದೊಡ್ಡ ವಿಷಯ.

ಲೆಕ್ಕ ಹೀಗೆ. ಗಾಳಿಯಲ್ಲಿ ತೇವ ಶೇ. 65 ಇದ್ದಾಗ ಮರದೊಳಗೆ ನೀರು ಸುಮಾರು ಶೇ. 12. ಆಟಿಯಲ್ಲಿ (ಜುಲೈ-ಆಗಸ್ಟ್) ಗಾಳಿಯ ತೇವ 90ಕ್ಕೆ ಹೋದರೆ ಮರದೊಳಗಿನದ್ದು ಸುಮಾರು 20. ಈ 8ರ ವ್ಯತ್ಯಾಸಕ್ಕೆ, ಉಂಗುರಗಳು ಮಲಗಿದಂತೆ ಸೀಳಿದ 25 ಮಿ.ಮೀ. ಅಗಲದ ಬೀಟೆ ಪಟ್ಟಿ ಹತ್ತಿರ ಹತ್ತಿರ 0.4 ಮಿ.ಮೀ. ಹಿಗ್ಗುತ್ತದೆ. ಅದೇ ಬೀಟೆಯನ್ನು ತಿರುಳಿನಿಂದ ಸಿಪ್ಪೆಯ ಕಡೆಗೆ ಸೀಳಿ, ತುದಿಯಲ್ಲಿ ನೋಡಿದಾಗ ಉಂಗುರಗಳು ಪಟ್ಟಿಯ ಮುಖಕ್ಕೆ ನೆಟ್ಟಗೆ ನಿಂತಂತೆ ತೆಗೆದರೆ ಹಿಗ್ಗುವುದು ಅದರ ಅರ್ಧಕ್ಕಿಂತ ಕಡಿಮೆ. ಉದ್ದಕ್ಕೆ ಏನೂ ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. 0.4 ಅಂದರೆ ಸಣ್ಣದಲ್ಲ. ಹಿತ್ತಾಳೆಯ ಅಂಚಿಗೆ ಸರಿಯಾಗಿ ಅರ ಹಾಕಿ ಸಮ ಮಾಡಿದ ಮರ ಮಳೆಗಾಲದಲ್ಲಿ ಹೊರಗೆ ಚಾಚಿ ಬೆರಳಿಗೆ ತಾಗ್ತದೆ, ಬೇಸಗೆಯಲ್ಲಿ ಒಳಗೆ ಸರಿದು ಹಿತ್ತಾಳೆಯ ಅಂಚು ಕೈಗೆ ಚುಚ್ಚುತ್ತದೆ. ಪಿನ್ನಿನ ಸುತ್ತ ಬಿರುಕು ಬರುವುದೂ ಈ ಎಳೆದಾಟದಿಂದಲೇ.

ಇನ್ನು ಜಾತಿ. ಬೀಟೆ ಉತ್ತಮ, ತೂಕ ಉಂಟು, ಎಣ್ಣೆ ಉಂಟು, ನುಣುಪು ಬರ್ತದೆ. ಬಿಲ್ಲಿರುವ ಸಾಮಿಲ್ಲಿನ ತುಂಡು ಮಾತ್ರ ತಗೊಳ್ಳಿ. 2017ರಿಂದ ಬೀಟೆ ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಉಂಟು, ಗಲ್ಫಿಗೋ ಬೇರೆಲ್ಲಿಗೋ ಮಾರಾಟಕ್ಕೆ ಕಳಿಸುವವರು ಇದನ್ನು ನೋಡಿಕೊಳ್ಳಬೇಕು. ಸಾಗುವಾನಿ ನೀರಿಗೆ ಗಟ್ಟಿ, ಆದರೆ ನಾರು ದೊರಗು, 3 ಮಿ.ಮೀ. ಪಟ್ಟಿಯ ಮೂಲೆ ಬೇಗ ಉದುರುತ್ತದೆ. ಹಲಸಿನ ಚೇಗು (ಒಳಗಿನ ಗಟ್ಟಿ ಮರ) ನನ್ನ ಮಟ್ಟಿಗೆ ಬೀಟೆಯ ನಂತರದ ಆಯ್ಕೆ. ಮೊದಲು ಹಳದಿ, ಬೆಳಕು ಬಿದ್ದು ಬಿದ್ದು ಜೇನಿನ ಕಂದು ಬಣ್ಣ. ಹಳೇ ಮನೆಯ ಬಾಗಿಲು, ದಾರಂದದ ತುಂಡು ಸಿಕ್ಕಿದರೆ ಬಿಡಬೇಡಿ, ಅದು ಹತ್ತಾರು ಮಳೆಗಾಲ ಹಿಗ್ಗಿ ಕುಗ್ಗಿ ಅಡಗಿದ ಮರ. ರಬ್ಬರ್ ಮರ ಎಲ್ಲ ಕಡೆ ಸಿಗ್ತದೆ ಎಂದು ಹಾಕಬೇಡಿ, ಬೂಸ್ಟಿಗೆ ನೀಲಿ ಕಲೆ ಬರ್ತದೆ, ಹುಳವೂ ಬೀಳ್ತದೆ.

ಹಳೇ ತೆಂಗಿನ ಮರದ ಹೊರಭಾಗ ಕಪ್ಪು ಗೆರೆಯೊಂದಿಗೆ ಬಹಳ ಚಂದ. ಆದರೆ ತೆಂಗಿಗೆ ಉಂಗುರವೇ ಇಲ್ಲ, ಗಟ್ಟಿ ನಾರಿನ ಕಟ್ಟು ಮತ್ತು ನಡುವೆ ಮೆದು ತಿರುಳು. ಪಾಲಿಷ್ ಪೇಪರ್ ಉಜ್ಜುವಾಗ ಮೆದು ಭಾಗ ತಗ್ಗಿ, ನಾರು ಉಬ್ಬಿ ನಿಲ್ತದೆ, ತುದಿಯಲ್ಲಿ ಸಿಬರು ಏಳ್ತದೆ. ರೆಸಿನ್ ಕುಡಿಸದೆ ಕೈಗೆ ತಾಗುವಲ್ಲಿ ಹಾಕಬಾರದು.

ಉಪ್ಪಳ ಕಡಲು:
ಮರಕ್ಕೆ ಒಂದು ಸೇರಿಸುತ್ತೇನೆ. ತಗಡು, ಪಿನ್ನು ಯಾವುದೂ ಸಾದಾ ಕಬ್ಬಿಣದ್ದು ಬೇಡ. ಮರದ ಚೊಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಮಸಿ, ಪಿನ್ನಿನ ಸುತ್ತ ಕಣ್ಣಿನ ಕಾಡಿಗೆಯ ಹಾಗೆ ಹರಡುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಹಾಕಿ. ಕಡಲ ಬದಿಯವರು, ಮುಂಡಿನ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರು ಇದನ್ನು ಇನ್ನೂ ಹೆಚ್ಚು ನೋಡಬೇಕು, ಬೆವರೂ ಉಪ್ಪೇ.

ನೀರ್ಚಾಲು ತೋಟ:
ಕೊಂಬಿನ ಬಗ್ಗೆ ಯಾರೂ ಹೇಳಲಿಲ್ಲ. ಒದ್ದೆ ಕೈಗೆ ಅದು ಜಾರ್ತದಾ?

ಅಡೂರು ಗುಡ್ಡೆ:
ಕೊಂಬು ಎಂದರೆ ಸಾಕಿದ ಎಮ್ಮೆ, ಕೋಣದ್ದು. ಇದನ್ನು ಮೊದಲೇ ಸ್ಪಷ್ಟ ಮಾಡಬೇಕು, ಯಾಕೆಂದರೆ ನಮ್ಮ ಕಾಡಂಚಿನಲ್ಲಿ ಕಾಟಿಯ (ಕಾಡುಕೋಣದ) ಕೊಂಬು, ಕಡವೆಯ ಕೊಂಬು ಹಳೇ ಮನೆಗಳಲ್ಲಿ ಕಾಣ್ತದೆ. ಅದನ್ನು ಮುಟ್ಟಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಟಿ ಮೊದಲನೇ ಪಟ್ಟಿಯ ಪ್ರಾಣಿ. ಕಡವೆ, ಜಿಂಕೆಯ ಕೊಂಬು ತಾನಾಗಿ ಉದುರಿದ್ದೇ ಆದರೂ ಅದರಿಂದ ಹಿಡಿ ಮಾಡಿ ಮಾರುವುದು ಅಪರಾಧ. ಪರದೇಶದ ಚಿತ್ರ ತೋರಿಸಿ "ಇಂಥದ್ದೇ ಬೇಕು" ಎಂದು ಆಚಾರಿಯವರನ್ನು ಒತ್ತಾಯ ಮಾಡಿ ಅವರನ್ನು ಸಿಕ್ಕಿಸಬೇಡಿ. ಸಾಕಿದ ಕೋಣದ ಕೊಂಬಿನ ಪಟ್ಟಿಗೆ ಉತ್ತರ ಪ್ರದೇಶದ ಸಂಭಲ್ ಹೆಸರಾದ ಊರು, ಅಲ್ಲಿ ಕೊಂಬು ಮತ್ತು ಎಲುಬಿನ ಕೆಲಸ ತಲೆಮಾರುಗಳಿಂದ ಉಂಟು.

ಕೊಂಬು ನಮ್ಮ ಉಗುರಿನ ಜಾತಿ, ಕೆರಾಟಿನ್. ಪದರ ಪದರವಾಗಿ ಬೆಳೆದದ್ದು. ಬಿಸಿಗೆ ಮೆದುವಾಗಿ ಬಾಗುತ್ತದೆ, ತೇವ ಕುಡಿದು ಉಬ್ಬುತ್ತದೆ. ಹಸಿ ಕೊಂಬು ತಂದು ಮಾಡುವುದಾದರೆ 5 ಮಿ.ಮೀ. ದಪ್ಪಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಮುಕ್ಕಾಲು ಗಂಟೆ ಇಟ್ಟು, ಎರಡು ಕಬ್ಬಿಣದ ಪಟ್ಟಿಯ ನಡುವೆ ಬಿಗಿದು ರಾತ್ರಿಯಿಡೀ ತಣಿಯಲು ಬಿಡಿ. ಬಿಸಿ ಇರುವಾಗ ಬಿಚ್ಚಿದರೆ ಮೊದಲಿನ ವಕ್ರವೇ ವಾಪಸ್ ಬರ್ತದೆ. ಆಮೇಲೆ ಎರಡು ಮೂರು ತಿಂಗಳು ನೆರಳಲ್ಲಿ ಒಣಗಬೇಕು, ಅದೂ ಡಿಸೆಂಬರ್‌ನಿಂದ ಮಾರ್ಚ್ ನಡುವೆ. ಒಣಗಿದ ಮೇಲೆ ಗಾಜಿನ ಮೇಲೆ ಪೇಪರ್ ಹಾಸಿ ಒಳಮುಖ ಪುನಃ ಸಮ ಮಾಡಿ, ಕೊನೆಗೆ 3 ಮಿ.ಮೀ. ಉಳಿಸಿ. ಬೆಲ್ಟಿನಲ್ಲಿ ಸವೆಸುವಾಗ ಬರಿಗೈಯಲ್ಲಿ ಹಿಡಿಯಿರಿ, ಬೆರಳು ಸುಡ್ತದೆ ಎಂದರೆ ಕೊಂಬೂ ಬಾಗ್ತಾ ಉಂಟು ಎಂದೇ ಲೆಕ್ಕ. ಪ್ರತಿ ಸಲ ನೀರಿಗೆ ಅದ್ದಿ.

ಜಾರುವುದು ಹೌದು, ಕನ್ನಡಿಯ ಹಾಗೆ ಹೊಳಪು ಕೊಟ್ಟರೆ. 400 ನಂಬರಿನ ಪಾಲಿಷ್ ಪೇಪರಿಗೆ ನಿಲ್ಲಿಸಿ, ಅಂಚಿಗೆ ಅರದಲ್ಲಿ ಅಡ್ಡ ಗೀರು ಹಾಕಿಸಿದರೆ ಹಿಡಿತ ಬರ್ತದೆ. ಇನ್ನೊಂದು, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಹುಳ ಕೊರೆಯುತ್ತದೆ. ದಿನಾ ಬಳಸುವ ಕತ್ತಿಗೆ ಆ ಭಯ ಕಡಿಮೆ.

ಎಲುಬಿನ ಹಿಡಿ ಬೇಡ. ಪಿನ್ ತಲೆ ಬಡಿಯುವಾಗ ಕೊಂಬು ಸಹಿಸ್ತದೆ, ಎಲುಬು ಸೀಳ್ತದೆ.

ಪೆರ್ಲ ಹಾಳೆ:
ನೀರ್ಚಾಲಿನವರ ಕೆಲಸಕ್ಕೆ ನನ್ನ ಉತ್ತರ ಬಟ್ಟೆಯ ಹೈಲಂ. ಮೈಕಾರ್ಟಾ ಎಂಬುದು ಒಂದು ಕಂಪೆನಿ ತನ್ನ ಮಾಲಿಗೆ ಇಟ್ಟ ವ್ಯಾಪಾರದ ಹೆಸರು. ವಸ್ತು ಇಷ್ಟೆ: ಹತ್ತಿಬಟ್ಟೆ ಅಥವಾ ಕಾಗದದ ಪದರಗಳಿಗೆ ಬೇಕಲೈಟ್ ಜಾತಿಯ ಫಿನಾಲಿಕ್ ರೆಸಿನ್ ಕುಡಿಸಿ ಬಿಸಿಯಲ್ಲಿ ಒತ್ತಿದ ಹಾಳೆ. ನಮ್ಮಲ್ಲಿ ಅದನ್ನೇ ಹೈಲಂ ಶೀಟ್ ಎಂದು ಕರೆಯುವುದು. ಮೋಟಾರು ರಿವೈಂಡಿಂಗ್ ಸಾಮಾನು, ಇನ್ಸುಲೇಷನ್ ಹಾಳೆ ಮಾರುವಲ್ಲಿ ಕೇಳಿ. "ಬಟ್ಟೆಯದ್ದು" ಎಂದು ಒತ್ತಿ ಹೇಳಬೇಕು, ಇಲ್ಲದಿದ್ದರೆ ಕಾಗದದ್ದು ಕೊಡ್ತಾರೆ. ಕಾಗದದ್ದು ತೂತು ಕೊರೆಯುವಾಗ ಅಂಚಿನಲ್ಲಿ ಚಕ್ಕೆ ಏಳ್ತದೆ. ಗುರುತು ಸುಲಭ: ಒಂದು ಮೂಲೆಯನ್ನು ಓರೆಯಾಗಿ ಉಜ್ಜಿ ನೋಡಿ, ಬಟ್ಟೆಯದ್ದಾದರೆ ನೇಯ್ಗೆಯ ಚುಕ್ಕಿ ಕಾಣ್ತದೆ.

ಯಾಕೆ ಒಳ್ಳೇದು? ನೀರಿಗೆ ಮೇಲ್ಮೈ ಸ್ವಲ್ಪ ಕಪ್ಪಾಗ್ತದೆ, ಅಳತೆ ಬದಲಾಗುವುದು ಕೈಗೆ ಗೊತ್ತಾಗುವಷ್ಟಿಲ್ಲ. ಸಾಮಾನ್ಯ ಎಚ್‌ಎಸ್‌ಎಸ್ ಉಕ್ಕಿನ ಡ್ರಿಲ್ ಬಿಟ್ಟಿಗೆ ಬಗ್ಗುತ್ತದೆ, ಅರಕ್ಕೆ ಬಗ್ಗುತ್ತದೆ. 220 ಅಥವಾ 320 ನಂಬರಿಗೆ ನಿಲ್ಲಿಸಿದರೆ ಹತ್ತಿಯ ನಾರು ಮೇಲೆ ತೆರೆದಿರ್ತದೆ, ಒದ್ದೆ ಕೈಗೆ ಅಂಟಿದ ಹಾಗೆ ಹಿಡಿತ. ಹೊಳಪು ಬೇಕು ಎಂದು 1000 ನಂಬರ್ ಉಜ್ಜಿ ಬಫ್ ಮಾಡಿದರೆ ಈ ಗುಣವೇ ಹೋಯಿತು.

ಜಿ10 ಎಂದರೆ ಗಾಜಿನ ನಾರು ಮತ್ತು ಎಪಾಕ್ಸಿ. ಸರ್ಕ್ಯೂಟ್ ಬೋರ್ಡಿನ ಹಸಿರು ಹಾಳೆ ಎಫ್‌ಆರ್4 ಅದರ ಬೆಂಕಿ ತಡೆಯುವ ತಮ್ಮ. ನೀರಿಗೆ ಅಲುಗುವುದಿಲ್ಲ, ಮುರಿಯುವುದಿಲ್ಲ, 3.5 ಮಿ.ಮೀ. ದಪ್ಪ ಇದ್ದರೆ ಸ್ಕ್ರೂ ಕತ್ತಿಗಳಲ್ಲಿ ತಗಡಿಲ್ಲದೆಯೂ ನಡೀತದೆ. ಆದರೆ ಗಾಜು ಡ್ರಿಲ್ ಬಿಟ್ಟನ್ನು ತಿಂದು ಹಾಕ್ತದೆ, ನಾಲ್ಕು ತೂತಿಗೆ ಮೊಂಡು. ಕಾರ್ಬೈಡ್ ಬಿಟ್ ಬೇಕು, ಕೆಳಗೆ ಮರದ ತುಂಡು ಒತ್ತಿ ಹಿಡಿದು ಕೊರೆಯಬೇಕು, ಇಲ್ಲದಿದ್ದರೆ ಹಿಂಬದಿಯ ಪದರ ಸಿಡಿಯುತ್ತದೆ. ದೊರಗಾಗಿ ಬಿಟ್ಟ ಜಿ10 ಕಿಸೆಯ ಬಟ್ಟೆಯನ್ನು ಅರದ ಹಾಗೆ ಸವೆಸ್ತದೆ.

ಹುಡಿಯ ವಿಷಯ ಗಟ್ಟಿಯಾಗಿ ಹೇಳ್ತೇನೆ. ಜಿ10 ಹುಡಿ ಸಣ್ಣ ಗಾಜು, ಶ್ವಾಸಕ್ಕೆ ಹೋಗಲೇಬಾರದು, ಕೈಗೆ ತಾಗಿದರೆ ತುರಿಕೆ. ಎನ್95 ಮಾಸ್ಕ್ ಇಲ್ಲದೆ, ನೀರು ಹಾಕದೆ ಉಜ್ಜಬೇಡಿ. ಬೀಟೆಯ ಹುಡಿಗೂ ಕೆಲವರಿಗೆ ಚರ್ಮ ಕೆಂಪಾಗಿ ಊದುತ್ತದೆ. ಆಚಾರಿಯವರ ಕೊಟ್ಟಿಗೆಯಲ್ಲಿ ಮಕ್ಕಳು ಓಡಾಡುವಾಗ ಈ ಕೆಲಸ ಆಗಬಾರದು.

ಹೊಸಂಗಡಿ ಲೇತ್:
ತೂಕದ ಅಂದಾಜು ಬೇಕಾದವರಿಗೆ: 95×25×3 ಅಳತೆಯ ಎರಡು ಪಟ್ಟಿ, ಆಕಾರಕ್ಕೆ ಕಡಿದದ್ದು ಕಳೆದರೆ ಸುಮಾರು 12 ಘನ ಸೆಂಟಿಮೀಟರ್. ಬೀಟೆಯಲ್ಲಿ ಅದು 10 ಗ್ರಾಂ, ಕೊಂಬಿನಲ್ಲಿ 16, ಹೈಲಂನಲ್ಲಿ 17, ಜಿ10ನಲ್ಲಿ 22, ಅಲ್ಯುಮಿನಿಯಂನಲ್ಲಿ 32, ಟೈಟಾನಿಯಂನಲ್ಲಿ 53, ಪೂರ್ತಿ ಹಿತ್ತಾಳೆಯಲ್ಲಿ 100. ಹಿತ್ತಾಳೆಯ ಹಿಡಿ ಚಂದ ಎಂದು ಮಾಡಿಸಿದರೆ ಕಿಸೆ ಒಂದೇ ಬದಿಗೆ ಜೋಲ್ತದೆ. ಕಾರ್ಬನ್ ಫೈಬರ್ 19 ಗ್ರಾಂ, ಆದರೆ ಅದು ವಿದ್ಯುತ್ ಹರಿಸುವ ವಸ್ತು. ಉಪ್ಪುನೀರು ಸೇರಿದರೆ ಅದಕ್ಕೆ ತಾಗಿದ ಅಲ್ಯುಮಿನಿಯಂ, ಕಾರ್ಬನ್ ಉಕ್ಕು ಬೇಗ ತಿಂದು ಹೋಗ್ತದೆ. ಕಡಲ ಬದಿಗೆ ಬೇಡ.

ಕುಂಬಳೆ ನೂಲು:
ಹೈಲಂ ಕಂದು ಬಣ್ಣ ಬಿಟ್ಟು ಬೇರೆ ಬೇಕಾದರೆ ಬಟ್ಟೆಯಿಂದ ಮನೆಯಲ್ಲೇ ಮಾಡಬಹುದು. ಹಳೇ ಬೈರಾಸು (ಮೈ ಒರೆಸುವ ಬಟ್ಟೆ) ಇದಕ್ಕೆ ಒಳ್ಳೇ ವಸ್ತು, ಶುದ್ಧ ಹತ್ತಿ, ಸಡಿಲ ನೇಯ್ಗೆ, ಕೆಂಪು ಗೆರೆ ಇದ್ದರೆ ಪಟ್ಟಿ ಕೆತ್ತುವಾಗ ಗುಡ್ಡದ ನಕ್ಷೆಯ ಹಾಗೆ ಬಳೆಬಳೆಯಾಗಿ ಕಾಣ್ತದೆ. ಪಾಲಿಸ್ಟರ್ ಸೇರಿದ ಬಟ್ಟೆ ರೆಸಿನ್ ಕುಡಿಯುವುದಿಲ್ಲ. ಒಂದು ನೂಲು ಸುಟ್ಟು ನೋಡಿ, ಬೂದಿಯಾದರೆ ಹತ್ತಿ, ಗುಂಡಾಗಿ ಕರಗಿದರೆ ಬೇಡ.

ಗಂಜಿ ಹಾಕಿದ ಬಟ್ಟೆಯಾದರೆ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಗಂಜಿ ಪೂರ್ತಿ ತೆಗೆಯಬೇಕು. ಒಣಗಿಸಿ, ಕೆಲಸದ ಮೊದಲು ಇಸ್ತ್ರಿ ಹಾಕಿ ಉಳಿದ ತೇವ ತೆಗೆಯಿರಿ. 150×60 ಮಿ.ಮೀ. ತುಂಡು, 3.5 ಮಿ.ಮೀ. ದಪ್ಪಕ್ಕೆ 12ರಿಂದ 16, ಬಟ್ಟೆಯ ದಪ್ಪ ನೋಡಿ. ರೆಸಿನ್ ನಿಧಾನಕ್ಕೆ ಗಟ್ಟಿಯಾಗುವ ಲ್ಯಾಮಿನೇಟಿಂಗ್ ಎಪಾಕ್ಸಿ. ಎಲ್‌ವೈ 556 ಎಂಬ ರೆಸಿನಿಗೆ ಎಚ್‌ವೈ 951 ಗಟ್ಟಿಕಾರಕ, ತೂಕದಲ್ಲಿ 10ಕ್ಕೆ 1. ಅಂದಾಜಿಗೆ ಸುರಿಯಬೇಡಿ, ಸಣ್ಣ ತಕ್ಕಡಿ ಬೇಕು. ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಕಲಸಿದ ಕೂಡಲೇ ಅಗಲ ತಟ್ಟೆಗೆ ಹಾಕಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆ ಬರ್ತದೆ, ಕೆಲವೇ ನಿಮಿಷದಲ್ಲಿ ಕಲ್ಲು. ಕೈಗೆ ಗ್ಲೌಸ್ ಕಡ್ಡಾಯ.

ಪ್ರತಿ ತುಂಡನ್ನೂ ಎರಡೂ ಬದಿ ನೆನೆಸಿ ಒಂದರ ಮೇಲೊಂದು ಇಟ್ಟು, ಮೇಲೆ ಕೆಳಗೆ ಪಾಲಿಥಿನ್ ಹಾಳೆ, ಎರಡು ದಪ್ಪ ಹಲಗೆಯ ನಡುವೆ ನಾಲ್ಕು ಸಿ ಕ್ಲ್ಯಾಂಪ್. ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಸುತ್ತು ಬಂದು ಬಿಗಿಯಿರಿ. ಒಂದೇ ಮೂಲೆ ಮೊದಲು ಬಿಗಿದರೆ ಹಾಳೆ ಒಂದು ಕಡೆ 3, ಇನ್ನೊಂದು ಕಡೆ 4 ಮಿ.ಮೀ. ಆಗ್ತದೆ. 24 ಗಂಟೆ ಬಿಟ್ಟು ಬಿಚ್ಚಿ, ಗರಗಸ ಹಾಕುವುದು ಒಂದು ವಾರ ಕಳೆದು.

ಮಳೆ ಸುರಿಯುವ ದಿನ ಈ ಕೆಲಸ ಮಾಡಬೇಡಿ. ತೇವದ ಗಾಳಿಗೆ ಈ ಗಟ್ಟಿಕಾರಕ ಮೇಲ್ಮೈಯಲ್ಲಿ ಅಂಟಂಟು ಪದರ ಬಿಡ್ತದೆ. ಆದರೂ ಬಂದರೆ ಬಿಸಿ ಸಾಬೂನು ನೀರಲ್ಲಿ ತೊಳೆದೇ ಉಜ್ಜಬೇಕು, ತೊಳೆಯದೆ ಉಜ್ಜಿದರೆ ಪೇಪರ್ ಕಟ್ಟಿಕೊಳ್ತದೆ, ತಗಡಿಗೆ ಅಂಟೂ ಹಿಡಿಯುವುದಿಲ್ಲ.

ನೀರ್ಚಾಲು ತೋಟ:
ತೆಂಗಿನ ಗೆರಟೆಯಲ್ಲಿ ಆಗಲಿಕ್ಕಿಲ್ವಾ? ಬೀಳ್ತಾನೇ ಇರ್ತದೆ, ಹೊಳಪೂ ಬರ್ತದೆ.

ಮುಳ್ಳೇರಿಯ ಮರ:
ಪೂರ್ತಿ ಪಟ್ಟಿಗೆ ಆಗುವುದಿಲ್ಲ, ಗೆರಟೆ ಉರುಟು. ಅರ್ಧವ್ಯಾಸ 50 ಮಿ.ಮೀ. ಎಂದು ಹಿಡಿಯಿರಿ. 12 ಮಿ.ಮೀ. ಅಗಲದ ತುಂಡಿಗೆ ಡೊಂಕು 0.4 ಮಿ.ಮೀ. ಮಾತ್ರ, ಉಜ್ಜಿ ಚಪ್ಪಟೆ ಮಾಡಬಹುದು. 25 ಅಗಲಕ್ಕೆ ಡೊಂಕು 1.5 ದಾಟ್ತದೆ, 4 ಮಿ.ಮೀ. ಗೆರಟೆಯಲ್ಲಿ ಎರಡೂ ಮುಖ ಚಪ್ಪಟೆ ಮಾಡುವಾಗ ಒಂದೂವರೆಯೂ ಉಳಿಯುವುದು ಕಷ್ಟ. ಹಾಗಾಗಿ 12×12 ತುಂಡುಗಳನ್ನು ಕಪ್ಪು ಬಣ್ಣ ಸೇರಿಸಿದ ಎಪಾಕ್ಸಿಯಲ್ಲಿ ಹಲಗೆ ಕಲ್ಲಿನ ಹಾಗೆ ಜೋಡಿಸಿ, ಕೆಳಗೆ 1 ಮಿ.ಮೀ. ಹೈಲಂ ಆಧಾರ ಕೊಟ್ಟು ಪಟ್ಟಿ ಮಾಡಬೇಕು. ಬಲಿತ, ಒಣಗಿದ ಕಾಯಿಯ ಗೆರಟೆ ಇರಲಿ, ಹೊರಗಿನ ನಾರು ಒಂದಿಷ್ಟೂ ಉಳಿಯಬಾರದು. ಪಿನ್ ತೂತು ತುಂಡಿನ ನಡುವಿಗೆ ಬರಲಿ, ಸಂದಿಗೆ ಬಂದರೆ ಒಡೀತದೆ.

ಉಪ್ಪಳ ಕಡಲು:
ಮರಕ್ಕೆ ಕೊನೆಗೆ ತೆಂಗಿನೆಣ್ಣೆ ಹಚ್ಚಿದರೆ ಸಾಕಲ್ವಾ ಎಂದು ಯಾರಾದರೂ ಕೇಳುವ ಮೊದಲೇ ಹೇಳ್ತೇನೆ, ಸಾಲದು. ತೆಂಗಿನೆಣ್ಣೆ ಒಣಗಿ ಪದರ ಕಟ್ಟುವ ಎಣ್ಣೆಯಲ್ಲ. ಒಳಗೇ ಕೂತು ಹುಡಿ ಹಿಡೀತದೆ, ಕಮಟು ವಾಸನೆ, ಆಟಿಯಲ್ಲಿ ಬೂಸ್ಟು. ಅಗಸೆ ಎಣ್ಣೆ, ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಎಂದು ಸಿಗುವುದು, ಗಾಳಿಯಲ್ಲಿ ಗಟ್ಟಿಯಾಗ್ತದೆ. ತೆಳ್ಳಗೆ ಹಚ್ಚಿ 15 ನಿಮಿಷಕ್ಕೆ ಪೂರ್ತಿ ಒರೆಸಿ, ಒಂದು ದಿನ ಬಿಟ್ಟು ಪುನಃ, ಹೀಗೆ ನಾಲ್ಕೈದು ಸಲ. ದಪ್ಪ ಹಚ್ಚಿದರೆ ವಾರ ಕಳೆದರೂ ಅಂಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹಿಡೀತದೆ. ನೀರಿಗೆ ಅದ್ದಿ ಹರಡಿ ಒಣಗಿಸಿ. ಗೇರುಬೀಜದ ಸಿಪ್ಪೆಯ ಎಣ್ಣೆ ದೋಣಿಗೆ ಒಳ್ಳೇದು, ಕೈ ಹಿಡಿಯುವ ಹಿಡಿಗೆ ಹಚ್ಚಬಾರದು, ಚರ್ಮ ಬೊಬ್ಬೆ ಏಳ್ತದೆ.

ಅಡೂರು ಗುಡ್ಡೆ:
ಬೋರ್ಡೊ ಪರೀಕ್ಷೆಯ ಮಾತು ಬಂದದ್ದರಿಂದ. ಅಲಗು ಅದ್ದಿದಾಗ ಕೆಂಪಗೆ ತಾಮ್ರ ಕೂತರೆ ದ್ರಾವಣ ಹುಳಿ, ಸುಣ್ಣ ಇನ್ನೂ ಬೇಕು ಎಂದು ಲೆಕ್ಕ. 100 ಲೀಟರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ. ಹಾಕಿದರೂ ಸುಣ್ಣ ಹಳತಾದರೆ ಹೀಗಾಗ್ತದೆ. ಇದಕ್ಕೆ ಅಲಗಿನ ತುದಿ ಮಾತ್ರ ಅದ್ದಿ, ಹಿಡಿಯ ಸಂದಿಗೆ ಹೋಗಬಾರದು. ಒಳಗೆ ಹೋದ ಹುಳಿ ದ್ರಾವಣ ಸ್ಪ್ರಿಂಗನ್ನು ಯಾರಿಗೂ ಕಾಣದ ಹಾಗೆ ತಿನ್ನುತ್ತದೆ. ಹೋದರೆ ಒಳ್ಳೇ ನೀರಲ್ಲಿ ತೊಳೆದು, ಬಾಯಿ ತೆರೆದು ಒಣಗಿಸಿ, ತಿರುಗುವ ಪಿನ್ನಿಗೆ ಒಂದು ಹನಿ ಮೆಷಿನ್ ಎಣ್ಣೆ.

ನೀರ್ಚಾಲು ತೋಟ:
ಎಲ್ಲರಿಗೂ ಉಪಕಾರ ಆಯ್ತು. ಬಟ್ಟೆಯ ಹೈಲಂ 3 ಮಿ.ಮೀ., ಹಿತ್ತಾಳೆ ತಗಡು 1 ಮಿ.ಮೀ. ಎಂದು ಹೇಳ್ತೇನೆ. ಬೀಟೆ ಮನಸ್ಸಿನಿಂದ ಹೋಗಿಲ್ಲ, ಮನೆಯೊಳಗಿನ ಕತ್ತಿಗೆ ಇರಲಿ. ಹೈಲಂ ಅಂಟಿಸುವ ಕ್ರಮ ಒಮ್ಮೆ ಹೇಳಿ.

ಪೆರ್ಲ ಹಾಳೆ:
ಹಾಳೆಯ ಹೊಳಪು ಪದರವನ್ನು 80 ನಂಬರಿನಲ್ಲಿ ಉಜ್ಜಿ ಪೂರ್ತಿ ತೆಗೆಯಿರಿ, ಹಿತ್ತಾಳೆಯ ಮುಖವನ್ನೂ ಹಾಗೆಯೇ. ಎರಡನ್ನೂ ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಬೀಟೆ, ಸಾಗುವಾನಿ ಅಂಟಿಸುವಾಗ ಈ ಅಸಿಟೋನ್ ಕೆಲಸ ಇನ್ನೂ ಮುಖ್ಯ, ಅವುಗಳ ಎಣ್ಣೆ ಅಂಟನ್ನು ಹಿಡಿಯಲು ಬಿಡುವುದಿಲ್ಲ. ಅರಾಲ್ಡೈಟ್ 24 ಗಂಟೆಯದ್ದು, ಎರಡೂ ಟ್ಯೂಬ್ ಸಮಸಮ. ಕ್ಲ್ಯಾಂಪ್ ಅಂಟು ಅಂಚಿನಲ್ಲಿ ಸಣ್ಣಗೆ ಕಾಣುವಷ್ಟು ಬಿಗಿದರೆ ಸಾಕು, ಹೆಚ್ಚು ಬಿಗಿದರೆ ಅಂಟೆಲ್ಲ ಹೊರಗೆ, ನಡುವೆ ಬರಿದು.

ತೂತನ್ನು ಅಂಟು ಗಟ್ಟಿಯಾದ ಮೇಲೆ, ತಗಡಿನ ತೂತಿನ ದಾರಿಯಲ್ಲೇ ಕೊರೆಯಿರಿ. 2 ಮಿ.ಮೀ. ಪಿನ್ನಿಗೆ 2.1 ತೂತು, ಅಂಚಿನಿಂದ 4 ಮಿ.ಮೀ. ಒಳಗೆ. ಹೊರಗಿನ ಆಕಾರ ಕೆತ್ತುವಾಗ ಕೈಗೆ ಬಿಸಿ ತಾಗಿದರೆ ನಿಲ್ಲಿಸಿ ನೀರಿಗೆ ಹಾಕಿ, ಬಿಸಿಗೆ ಅರಾಲ್ಡೈಟ್ ಮೆತ್ತಗಾಗಿ ತುದಿ ಬಿಡ್ತದೆ.

ಪಿನ್ನಿನ ತಲೆ ಬಡಿಯುವ ಮೊದಲು ಹಿಡಿ, ಅಲಗು, ಸ್ಪ್ರಿಂಗ್ ಎಲ್ಲವನ್ನೂ ಬಡಿಯದ ಪಿನ್ನಿನಲ್ಲೇ ಜೋಡಿಸಿ ಹತ್ತು ಸಲ ತೆರೆದು ಮುಚ್ಚಿ ನೋಡಲು ಆಚಾರಿಯವರಿಗೆ ಹೇಳಿ. ಮುಚ್ಚಿದಾಗ ಅಲಗಿನ ಬಾಯಿ ಸ್ಪ್ರಿಂಗಿಗೆ ತಾಗಬಾರದು, ನಡುವೆ ಒಂದು ಅಂಚೆ ಕಾರ್ಡು ಹೋಗುವಷ್ಟು ಎಡೆ ಇರಬೇಕು. ಬಡಿಯುವಾಗ ಅಲಗು ಮತ್ತು ತಗಡಿನ ನಡುವೆ ತೆಳು ಎಣ್ಣೆಕಾಗದದ ತುಂಡು ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಎರಡೂ ಬದಿ ಸರದಿಯಂತೆ ಬಡಿದು, ಕೊನೆಗೆ ಕಾಗದ ಎಳೆದು ತೆಗೆದರೆ ಅಲಗು ಸಡಿಲವೂ ಆಗುವುದಿಲ್ಲ, ಕಚ್ಚುವುದೂ ಇಲ್ಲ.